ಕಾಶೀಂಸಾಬ ರಾಜೇಸಾಬ ನದಾಫ

ಅರ್ಜಿ ಹಾಕಿದವಳು ಮಗಳು, ಫೋನ್ ಎತ್ತಿದವನು ಅಪ್ಪ. ತೊಡಕು ಶುರುವಾದದ್ದೇ ಅಲ್ಲಿಂದ.

ಭಾಗ್ಯ ಕಂದಾಯ ಇಲಾಖೆಯಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರು. ಚಾಮರಾಜಪೇಟೆ ಕಡೆಯ ಜಾತಿ ಪ್ರಮಾಣಪತ್ರದ ಅರ್ಜಿಗಳು ಅವಳ ಕಣ್ಣಿಗೆ ಬಿದ್ದೇ ತಹಶೀಲ್ದಾರರ ಬಳಿ ಹೋಗಬೇಕು. ಪಿಯುಸಿ ಫಲಿತಾಂಶ ಬಂದು ಕಾಲೇಜು ಸೀಟಿನ ಓಡಾಟ ಹತ್ತಿಕೊಂಡಿತೆಂದರೆ ದಿನಕ್ಕೆ ಅರವತ್ತು ಎಪ್ಪತ್ತು ಅರ್ಜಿ. ಹೆಚ್ಚಿನವು ಕೂತಲ್ಲೇ ಮುಗಿಯುತ್ತವೆ. ಅಪ್ಪನ ಶಾಲೆಯ ದಾಖಲೆ, ಮಗುವಿನ ಶಾಲೆಯ ದಾಖಲೆ, ಎರಡರಲ್ಲೂ ಒಂದೇ ಜಾತಿ, ಕೆಳಗೊಂದು ಸಹಿ. ತಸ್ಲೀಮಾ ಎಂಬ ಹದಿನೆಂಟರ ಹುಡುಗಿಯ ಅರ್ಜಿ ಹಾಗೆ ಮುಗಿಯಲಿಲ್ಲ. ಜಾತಿ ಎಂಬಲ್ಲಿ ಹುಡುಗಿ ‘ನದಾಫ್, ಪ್ರವರ್ಗ ಒಂದು’ ಎಂದು ತುಂಬಿದ್ದಳು. ಜೊತೆಗಿಟ್ಟ ಶಾಲೆಯ ಟಿ.ಸಿ.ಯಲ್ಲಿ ‘ಮುಸ್ಲಿಂ, ಶೇಖ್’ ಎಂದಿತ್ತು. ಅಪ್ಪನ ಹೆಸರು ಶೇಖ್ ಖಾಸಿಂ. ಅಪ್ಪನ ಶಾಲಾ ದಾಖಲೆ ಲಗತ್ತಿಸಬೇಕಾದ ಜಾಗ ಖಾಲಿ.

ಹತ್ತಿ ಹಿಂಜಿ ಹಾಸಿಗೆ ತುಂಬುವ ಕಸುಬಿನವರು ನದಾಫರು, ಪಿಂಜಾರರೆಂದರೂ ಅವರೇ. ಸರ್ಕಾರದ ಪಟ್ಟಿಯಲ್ಲಿ ಅವರದು ಪ್ರವರ್ಗ ಒಂದು, ಶೇಖ್ ಎಂದವರದು ಬೇರೆ. ಸೀಟಿಗಾಗಿ ಜಾತಿ ಬದಲಿಸಿ ಬರೆಸುವವರನ್ನು ಭಾಗ್ಯ ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಸಾಕಷ್ಟು ನೋಡಿದ್ದಳು. ಇದೂ ಅಂಥದ್ದೇ ಇರಬೇಕೆಂದುಕೊಂಡು ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಅತ್ತಲಿಂದ ಗಂಡಸಿನ ದನಿ. ವಿಷಯ ತಿಳಿಸುತ್ತಿದ್ದ ಹಾಗೇ ಆ ದನಿ ತಗ್ಗಿತು.

“ನಾವು ನದಾಫ್ ಅಲ್ಲ ಮೇಡಂ, ಶೇಖ್. ಮಗು ಏನೋ ಗೊತ್ತಾಗ್ದೆ ಹಾಕ್ಬಿಟ್ಟಿದೆ. ಕ್ಯಾನ್ಸಲ್ ಮಾಡ್ಬಿಡಿ.”

ಪಕ್ಕದ ಮೇಜಿನ ಗ್ರಾಮಲೆಕ್ಕಿಗ ಅನಿಲ್ ಕುಮಾರ್, ಅಪ್ಪನೇ ನಾವು ನದಾಫ್ ಅಲ್ಲ ಅಂದಮೇಲೆ ಇನ್ನೇನಿದೆ, ತಿರಸ್ಕರಿಸಿ ಮುಂದಿನದು ತೆಗೆಯಿರಿ ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ಭಾಗ್ಯ ಆ ಅರ್ಜಿಯನ್ನು ಹಾಗೇ ಬಿಟ್ಟು ಬೇರೆಯದಕ್ಕೆ ಕೈಹಾಕಿದಳು. ಅನುಕೂಲವಾಗುವ ಜಾತಿಯನ್ನು ನಮ್ಮದು ಎನ್ನುವವರನ್ನು ಅವಳು ಬಲ್ಲಳು. ಅನುಕೂಲ ತಾನಾಗಿ ಬರುತ್ತಿರುವಾಗ ನಮ್ಮದಲ್ಲ ಎಂದು ಬೇಡಿಕೊಳ್ಳುವವನನ್ನು ನೋಡಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಭಾಗ್ಯಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳ ತಂದೆ ಶ್ರೀನಿವಾಸಯ್ಯ ಓಕಳಿಪುರದ ಮನೆ ಬಿಟ್ಟು ಮಲ್ಲೇಶ್ವರದಲ್ಲಿ ಎರಡು ಕೋಣೆಯ ಮನೆ ಬಾಡಿಗೆ ಹಿಡಿದಿದ್ದರು. ರೈಲ್ವೆಯಲ್ಲಿ ಫಿಟ್ಟರ್ ಕೆಲಸ. ಮಕ್ಕಳು ಒಳ್ಳೆಯ ಶಾಲೆಗೆ ಹೋಗಲಿ ಎಂಬ ಆಸೆ. ನೀವು ಯಾವ ಪೈಕಿ ಎಂದು ಮನೆಯ ಯಜಮಾನರು ಕೇಳಿದಾಗ ತಂದೆ ಬೇರೊಂದು ಜಾತಿ ಹೇಳಿದರು. ಅದೇ ಮಾತನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿದರು. ಅಜ್ಜಿ ಹನುಮಕ್ಕ ಮಾತ್ರ ಆ ಮನೆಗೆ ಬರುವ ಹಾಗಿರಲಿಲ್ಲ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಎರಡು ವರ್ಷ ಹೇಗೋ ಕಳೆದು ಅವರು ಓಕಳಿಪುರಕ್ಕೇ ವಾಪಸಾದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಫೋನಿನಲ್ಲಿ ತಗ್ಗಿದಂಥ ದನಿಯನ್ನು ಭಾಗ್ಯ ಹಿಂದೆ ತಂದೆಯ ಬಾಯಲ್ಲಿ ಕೇಳಿದ್ದಳು.

ಮರುದಿನ ಬೆಳಿಗ್ಗೆ ಹುಡುಗಿಯೇ ಕಚೇರಿಗೆ ಬಂದಳು. ಸಣ್ಣ ಆಳು, ಬೆನ್ನಿಗೆ ಕಾಲೇಜು ಬ್ಯಾಗು. ಅಪ್ಪನಿಗೆ ಹೇಳದೆ ಅರ್ಜಿ ಹಾಕಿದ್ದಾಗಿ ಒಪ್ಪಿಕೊಂಡಳು. ಪಶುವೈದ್ಯಕೀಯ ಓದಬೇಕೆಂದು ಅವಳ ಆಸೆ; ಅವಳ ರ್‍ಯಾಂಕಿಗೆ ಪ್ರವರ್ಗ ಒಂದರಲ್ಲಾದರೆ ಸೀಟು ಸಿಗಬಹುದು, ಈಗಿರುವ ಪಟ್ಟಿಯಲ್ಲಿ ಕಷ್ಟ. ದಾಖಲೆ ತಿದ್ದಿಕೊಳ್ಳಲು ಇನ್ನು ಆರು ದಿನವಿತ್ತು. ನದಾಫ್ ಎಂದು ನಿನಗೆ ಹೇಳಿದವರು ಯಾರು ಎಂದು ಭಾಗ್ಯ ಕೇಳಿದಳು. ಅಜ್ಜಿ ಎಂದಳು ಹುಡುಗಿ. ಕಾಗದ ಏನಾದರೂ ಇದೆಯೇ? ಇಲ್ಲ. ಅಜ್ಜಿ ಇದ್ದಾರೆ, ಅಷ್ಟೇ.

“ಸೀಟಿಗೋಸ್ಕರ ಸುಳ್ಳು ಹೇಳ್ತಿಲ್ಲ ಮೇಡಂ. ಹೇಳೋ ಹಾಗಿದ್ರೆ ಅಪ್ಪನ್ನ ಒಪ್ಪಿಸ್ಕೊಂಡೇ ಬರ್ತಿದ್ದೆ.”

ಭಾಗ್ಯಳಿಗೆ ಆ ಮಾತು ಸರಿಯೆನಿಸಿತು. ನಾಳೆ ಹನ್ನೊಂದಕ್ಕೆ ಮನೆಗೆ ವಿಚಾರಣೆಗೆ ಬರುತ್ತೇನೆ, ಮನೆಯಲ್ಲಿ ಹೇಳಿಡು ಎಂದಳು.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಅಗಲ ಕಡಿಮೆಯಿದ್ದು ಎತ್ತರಕ್ಕೆ ಬೆಳೆದ ಮನೆ. ಕೆಳಗೆ ಖಾಸಿಂನ ಹೆಂಡತಿಯ ಅಣ್ಣ ಇನಾಯತ್, ಮೇಲೆ ಖಾಸಿಂನ ಸಂಸಾರ. ಅನಿಲ್ ಕುಮಾರ್ ಮಹಜರು ಬರೆಯಲು ಕಾಗದ ಹಿಡಿದು ಜೊತೆಗೆ ಬಂದಿದ್ದ. ಖಾಸಿಂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲ ತುದಿಯಲ್ಲೇ ಕಾದಿದ್ದ. ಐವತ್ತರ ಆಸುಪಾಸು, ಮಾತಿನಲ್ಲಿ ಅಚ್ಚುಕಟ್ಟು. ಮೈಸೂರು ರಸ್ತೆಯ ಕಡೆ ಅವನಿಗೆ ಫೋಮ್ ಹಾಸಿಗೆ ಮತ್ತು ಸೋಫಾ ಬಟ್ಟೆಯ ಅಂಗಡಿ. ತಂದೆ ಕೆಲಸ ಹುಡುಕಿಕೊಂಡು ಉತ್ತರ ಕರ್ನಾಟಕದಿಂದ ಬಂದವರು, ಮೊದಲಿನಿಂದಲೂ ಶೇಖ್ ಮನೆತನವೇ, ತಾನು ಶಾಲೆಯ ಮುಖ ನೋಡಿದವನಲ್ಲ, ಹಾಗಾಗಿ ತೋರಿಸಲು ದಾಖಲೆಯಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವನ ಹೆಂಡತಿ ಟೀ ತಂದಿಟ್ಟು ಒಳಗೆ ಹೋದಳು. ತಸ್ಲೀಮಾ ಗೋಡೆಗೊರಗಿ ನೆಲ ನೋಡುತ್ತಿದ್ದಳು.

ಕಿಟಕಿಯ ಪಕ್ಕದ ಮಂಚದ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಖಾಸಿಂನ ತಾಯಿ, ದಾವಲಬಿ. ಅವಳಿಗೆ ಕಿವಿ ಮಂದ ಎಂದು ಮಗ ಮೊದಲೇ ಹೇಳಿದ್ದ. ಆದರೆ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಸುಳ್ಳ ಯಾಕ ಹೇಳ್ತಿ ಕಾಶೀಂ? ಊರಾಗ ಕನ್ನಡ ಸಾಲಿಗೆ ನಾಕನೇತ್ತಾ ಮಟ ಹೋಗಿಯಲ್ಲ” ಎಂದವಳು ಭಾಗ್ಯಳ ಕಡೆ ತಿರುಗಿದಳು. “ನಾವು ನದಾಫ್ರು ಬಾಯಾರ. ಕುಷ್ಟಗಿ ಕಡೆಯವರು. ಬರಕೋರಿ.”

ಖಾಸಿಂ ಎದ್ದು ಬಾಲ್ಕನಿಗೆ ಹೋಗಿ ನಿಂತ. ಮುದುಕಿ ಅವನು ಹೋದದ್ದನ್ನು ನೋಡಿಯೂ ನಿಲ್ಲಿಸಲಿಲ್ಲ. ಅವಳ ಗಂಡ ರಾಜೇಸಾಬ ಹೆಗಲ ಮೇಲೆ ಹತ್ತಿ ಹಿಂಜುವ ಆಳುದ್ದದ ಬಿಲ್ಲು ಹೊತ್ತು ಬೆಂಗಳೂರಿಗೆ ಬಂದವನು. ಬಸವನಗುಡಿ, ಗಾಂಧಿ ಬಜಾರಿನ ಬೀದಿಗಳಲ್ಲಿ ನಡೆಯುತ್ತ ಬಿಲ್ಲಿನ ನರ ಮಿಡಿಯುತ್ತಿದ್ದ. ಕೂಗಬೇಕಾದ್ದೇ ಇರಲಿಲ್ಲ, ಆ ಸದ್ದು ಕೇಳಿದರೆ ಸಾಕು, ಹೆಂಗಸರು ಗಂಟುಗಂಟಾದ ಹಳೆಯ ಹಾಸಿಗೆಗಳನ್ನು ಜಗಲಿಗೆ ತಂದು ಹಾಕುತ್ತಿದ್ದರು. ಅಲ್ಲೇ ಹೊಲಿಗೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುವುದು. ಹೊಲಿಗೆ ದಾವಲಬಿಯದು. ದೊಡ್ಡ ಮನೆಗಳಲ್ಲಿ ಮದುವೆಗೆ ಮುಂಚೆ ಹದಿನೈದು ಹಾಸಿಗೆ ಒಟ್ಟಿಗೇ ಬರುತ್ತಿದ್ದವು. ಹತ್ತಿಯ ಧೂಳು ಎದೆಯಲ್ಲಿ ಕೂತು ಕೆಮ್ಮು ಹತ್ತಿ ರಾಜೇಸಾಬ ಐವತ್ತೆರಡಕ್ಕೆ ಸತ್ತ. ಆ ಹೊತ್ತಿಗೆ ಫೋಮ್ ಬಂದಿತ್ತು. ಇಷ್ಟನ್ನೂ ಮುದುಕಿ ಯಾವ ಏರಿಳಿತವಿಲ್ಲದೆ, ರೇಷನ್ ಕಾರ್ಡಿನ ವಿವರ ಕೊಟ್ಟ ಹಾಗೆ ಹೇಳಿದಳು. ಅನಿಲ್ ಕುಮಾರ್ ಬರೆದುಕೊಂಡ. ಹೆಬ್ಬೆಟ್ಟು ಒತ್ತಿಸಿಕೊಂಡ.

ಆದರೆ ಮುದುಕಿಯ ಮಾತೊಂದೇ ಸಾಲದು. ನೆರೆಹೊರೆಯವರ ಹೇಳಿಕೆ ಬೇಕು, ಅಪ್ಪನ ಶಾಲಾ ದಾಖಲೆಯಂತೂ ಬೇಕೇ ಬೇಕು. ಭಾಗ್ಯ ಮೆಟ್ಟಿಲಿಳಿಯಲು ಹೊರಟಾಗ ಖಾಸಿಂ ಬಾಲ್ಕನಿಯಿಂದ ಒಳಗೆ ಬಂದು ಅಡ್ಡ ನಿಂತ.

“ಕೆಳಗಡೆ ಕೇಳ್ಬೇಡಿ ಮೇಡಂ. ಅವ್ರು ನಮ್ಮ ಮನೆಯವಳ ಅಣ್ಣ. ಶೇಖ್ ಅಂತ ಹೇಳೇ ಮದ್ವೆ ಆಗಿದ್ದು.”

ಇಪ್ಪತ್ತನಾಲ್ಕು ವರ್ಷ ಕಳೆದಿತ್ತು ಮದುವೆಯಾಗಿ. ವಿಚಾರಣೆಯೆಂದ ಮೇಲೆ ಕೇಳದೆ ಆಗುವುದಿಲ್ಲವೆಂದು ಭಾಗ್ಯ ಹೇಳಿದಳು. ಬೇಡವಾದರೆ ಮಗಳು ಅರ್ಜಿ ವಾಪಸು ತೆಗೆದುಕೊಳ್ಳಲಿ, ತಾನು ಹೊರಟುಹೋಗುತ್ತೇನೆ ಎಂದೂ ಸೇರಿಸಿದಳು. ಅವನು ಮಗಳ ಕಡೆ ನೋಡಿದ. ತಸ್ಲೀಮಾ ಕಣ್ಣೆತ್ತಲಿಲ್ಲ, ವಾಪಸು ತೆಗೆಯುತ್ತೇನೆ ಎನ್ನಲೂ ಇಲ್ಲ. ಖಾಸಿಂ ದಾರಿ ಬಿಟ್ಟ.

ಇನಾಯತ್ ಅರವತ್ತು ದಾಟಿದವರು. ಹದಿನಾರು ವರ್ಷ ಕುವೈತಿನಲ್ಲಿ ಕಟ್ಟಡದ ಕೆಲಸಗಳ ಮೇಸ್ತ್ರಿಯಾಗಿದ್ದು ಬಂದು, ಈಗ ಮನೆಯಲ್ಲೇ ಇದ್ದರು. ಭಾಗ್ಯ ಬಂದ ಕಾರಣ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ನಿಮ್ಮ ತಂಗಿಯ ಗಂಡನ ಮನೆಯವರು ಯಾವ ಪೈಕಿ ಎಂಬುದು ನಿಮಗೆ ಗೊತ್ತೇ ಎಂದು ಅವಳು ಕೇಳಿದಳು. ಗೊತ್ತಿಲ್ಲದೆ ಏನು ಎಂದರು ಅವರು. ಇದೇ ಬೀದಿಯಲ್ಲಿ ರಾಜೇಸಾಬರು ಹಿಂಜದ ಹಾಸಿಗೆ ಇರಲಿಲ್ಲ. ಇನಾಯತ್ ಅವರ ತಾಯಿ ಮಲಗಿ ಪ್ರಾಣ ಬಿಟ್ಟದ್ದೂ ಅವರು ತುಂಬಿಕೊಟ್ಟ ಹಾಸಿಗೆಯ ಮೇಲೆಯೇ. ಹುಡುಗ ಕೆಲಸಗಾರ, ಕುಡಿತವಿಲ್ಲ ಎಂದು ನೋಡಿ ತಂಗಿಯನ್ನು ಕೊಟ್ಟರು. ಅವನು ಶೇಖ್ ಎಂದು ಹೇಳಿಕೊಂಡ. ಹೇಳಿಕೊಳ್ಳಲಿ ಬಿಡು ಎಂದು ಇವರು ಸುಮ್ಮನಿದ್ದರು.

“ಅಲ್ಲಿ ನಮ್ಮ ಸೈಟಲ್ಲಿ ದೊಡ್ಡ ಎಂಜಿನಿಯರ್ ಒಬ್ರಿದ್ರು ಮೇಡಂ, ಸಿರಿಯಾದವ್ರು. ಅವ್ರ ಹೆಸ್ರು ನದ್ದಾಫ್. ಅರಬರು ಹಾಗೇ, ಒತ್ತಿ ಹೇಳೋದು. ನಾನೇ ಒಂದ್ಸಲ ಕೇಳ್ದೆ, ಹಂಗಂದ್ರೇನು ಅಂತ. ಹತ್ತಿ ಹಿಂಜೋನು ಅಂದ್ರು. ಅವ್ರ ತಾತನ ಕಾಲದಲ್ಲಿ ಅದೇ ಕೆಲ್ಸವಂತೆ. ಅವ್ರ ಊರ ಕಡೆ ಆ ಹೆಸರಿನ ಮನೆ ಎಷ್ಟೋ ಇದಾವಂತೆ. ಶೇಖ್ ಅನ್ನೋದೂ ಅರಬ್ಬಿ ಮಾತೇ. ಹಿರಿಯ, ಮುದುಕ ಅಂತ. ಅಲ್ಲಿ ಗಡ್ಡ ಬೆಳ್ಳಗಿರೋ ಯಾರನ್ನ ಬೇಕಾದ್ರೂ ಶೇಖ್ ಅಂತಾರೆ. ಮಾಡೋ ಕೆಲಸದ ಹೆಸ್ರು ಒಂದು, ಆಗೋ ವಯಸ್ಸಿನ ಹೆಸ್ರು ಒಂದು. ಇದ್ರಲ್ಲಿ ಮೇಲ್ಯಾವುದು, ಕೆಳಗ್ಯಾವುದು?”

ಅನಿಲ್ ಕುಮಾರ್ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ಇನಾಯತ್ ಅವನ ಕಾಗದ ತೋರಿಸಿ, ನೀವು ಬರೆಯುತ್ತಿರುವ ಮಹಜರು ಎಂಬ ಮಾತೂ ಅರಬ್ಬಿಯದೇ ಎಂದರು. ಆಮೇಲೆ ದನಿ ತಗ್ಗಿಸಿ, ತಮ್ಮ ಮುತ್ತಾತ ಯಾವಾಗ ಶೇಖ್ ಆದರು ಎನ್ನುವುದು ತಮಗೂ ಗೊತ್ತಿಲ್ಲ, ಅದನ್ನು ಮಾತ್ರ ಬರೆದುಕೊಳ್ಳಬೇಡಿ ಎಂದು ನಕ್ಕರು. ಹೇಳಿಕೆಗೆ ಸಹಿ ಮಾಡಿದರು.

ಭಾಗ್ಯ ತಿರುಗಿದಾಗ ಖಾಸಿಂ ಮೆಟ್ಟಿಲ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯದು. ಗುಟ್ಟು ಬಯಲಾದವನ ಮುಖ ಅವಳಿಗೆ ಪರಿಚಯ; ಇದು ಅದಲ್ಲ. ಇಷ್ಟು ವರ್ಷ ಯಾರಿಗೂ ಕಾಣದಂತೆ ಹೊತ್ತು ತಿರುಗಿದ್ದನ್ನು ಎಲ್ಲರೂ ಕಂಡೇ ಇದ್ದರು ಎಂದು ಅವನಿಗೆ ಆಗ ತಾನೇ ಗೊತ್ತಾಗಿತ್ತು. ಅವನು ಭಾವನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದುಬಿಟ್ಟ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಸಂಜೆ ನಾಲ್ಕೂವರೆಗೆ, ಕಚೇರಿಯ ಜನ ತೆಳುವಾದ ಮೇಲೆ, ಖಾಸಿಂ ಒಬ್ಬನೇ ಬಂದ. ಭಾಗ್ಯ ಕುರ್ಚಿ ತೋರಿಸಿದಳು. ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ್ದು ನಿಜ ಎಂದ. ಅಲ್ಲಿನ ರಿಜಿಸ್ಟರಿನಲ್ಲಿ ಹೆಸರು ಇರಲೇಬೇಕು. ಯಾರಾದರೂ ಹೋಗಿ ತೆಗೆಸಿದರೆ ಸಿಗುತ್ತದೆ. ಊರಿನಲ್ಲಿ ಯಾರಿದ್ದಾರೆ ಎಂದು ಕೇಳಿದಳು. ದೊಡ್ಡಪ್ಪನ ಮಗ ಹುಸೇನಸಾಬ ಇದ್ದಾನೆ ಎಂದ. ಹಾಗಿದ್ದರೆ ಫೋನ್ ಮಾಡಿ ಎಂದಳು. ಅವನು ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಉರುಳಿಸುತ್ತ ಕೂತ.

ಮದುವೆಯ ದಿನದ ಕಥೆ ಆಗ ಹೊರಗೆ ಬಂತು. ಊರಿನಿಂದ ದೊಡ್ಡಪ್ಪ ಕರೆಯದೆಯೇ ಬಂದಿದ್ದರು. ತಮ್ಮನ ಮಗನ ಮದುವೆಗೆ ಹೋಗಲು ಕರೆ ಬೇಕೆಂದು ಅವರಿಗೆ ತೋಚಿಯೇ ಇರಲಿಲ್ಲ. ಹದಿನೆಂಟರ ಹುಸೇನಸಾಬನೂ ಜೊತೆಗಿದ್ದ. ತಲೆಗೆ ರುಮಾಲು, ಕಂಕುಳಲ್ಲಿ ಹೊಸ ಜೋಡಿಗೆಂದು ತಾವೇ ಹಿಂಜಿ ತುಂಬಿದ ಎರಡು ದಿಂಬು. ಹುಡುಗಿಯ ಕಡೆಯ ಯಾರೋ ಇವರು ಯಾರು ಎಂದು ಕೇಳಿದರು. ನಮ್ಮ ಊರ ಕಡೆಯವರು, ಪರಿಚಯದವರು ಎಂದ ಖಾಸಿಂ. ದೊಡ್ಡಪ್ಪ ಪಕ್ಕದಲ್ಲೇ ನಿಂತಿದ್ದರು. ದಿಂಬುಗಳನ್ನು ಒಂದು ಕುರ್ಚಿಯ ಮೇಲಿಟ್ಟು, ಮಗನ ಕೈ ಹಿಡಿದುಕೊಂಡು ಊಟ ಮಾಡದೆ ಹೊರಟುಹೋದರು. ಏಳು ವರ್ಷದ ಕೆಳಗೆ ಅವರು ತೀರಿಕೊಂಡರು. ಸುದ್ದಿ ಬಂದರೂ ಖಾಸಿಂ ಹೋಗಲಿಲ್ಲ. ತಾಯಿಯೊಬ್ಬಳೇ ಬಸ್ಸು ಹತ್ತಿ ಹೋಗಿ ಬಂದಳು.

“ಈಗ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ ಮೇಡಂ? ಸರ್ಟಿಫಿಕೇಟ್ ಬೇಕು ಅಂದಾಗ ನೆನಪಾಯ್ತಾ ಅಂತಾನೆ. ಅಂದ್ರೆ ತಪ್ಪೇನಿಲ್ಲ.”

ಭಾಗ್ಯ ಸಮಾಧಾನದ ಮಾತು ಹೇಳಲಿಲ್ಲ. ಅವಳ ಕೆಲಸ ಅದಲ್ಲ. ಮಲ್ಲೇಶ್ವರದ ಆ ಎರಡು ವರ್ಷ ಹನುಮಕ್ಕ ಮೊಮ್ಮಕ್ಕಳನ್ನು ನೋಡಬೇಕೆನಿಸಿದಾಗ ಶಾಲೆಯ ಗೇಟಿನ ಹೊರಗೆ ಬಂದು ನಿಲ್ಲುತ್ತಿದ್ದಳು, ಸೆರಗಿನಲ್ಲಿ ಕಡಲೆಕಾಯಿ ಕಟ್ಟಿಕೊಂಡು. ಅದು ನೆನಪಾಯಿತು. ಇನ್ನು ಎರಡು ದಿನವಿದೆ, ನಾಡಿದ್ದು ಮಧ್ಯಾಹ್ನದೊಳಗೆ ಶಾಲೆಯ ದಾಖಲೆ ಕೈಸೇರಿದರೆ ಅವತ್ತೇ ಶಿಫಾರಸು ಬರೆದು ಕಳಿಸುತ್ತೇನೆ, ಇಲ್ಲದಿದ್ದರೆ ಅರ್ಜಿ ತಿರಸ್ಕೃತ ಎಂದು ವಿಷಯವನ್ನಷ್ಟೇ ಹೇಳಿದಳು.

ಖಾಸಿಂ ಎದ್ದು ವರಾಂಡಕ್ಕೆ ಹೋದ. ಬಾಗಿಲು ತೆರೆದೇ ಇದ್ದುದರಿಂದ ಮಾತು ಕೇಳಿಸುತ್ತಿತ್ತು. ಮೊದಲು ತಾಯಿಗೆ ಫೋನ್ ಮಾಡಿ ನಂಬರು ಕೇಳಿ ಕೈಮೇಲೆ ಬರೆದುಕೊಂಡ. ಆಮೇಲೆ ಆ ನಂಬರು ಒತ್ತಿದ. ಮಾತಾಡಿದಾಗ, ಇಷ್ಟು ಹೊತ್ತು ಬೆಂಗಳೂರಿನವನಾಗಿದ್ದವನ ಬಾಯಿಂದ ಬೇರೆಯೇ ಕನ್ನಡ ಹೊರಟಿತು.

“ತಮ್ಮಾ, ನಾ ಕಾಶೀಂ ಮಾತಾಡಾಕತ್ತೀನಿ... ಹೌದು, ಬೆಂಗಳೂರಿಂದ.”

ಅತ್ತ ಕಡೆಯವನು ಏನೆಂದನೋ ಭಾಗ್ಯಳಿಗೆ ಕೇಳಲಿಲ್ಲ. ಖಾಸಿಂ ಮಾತಿಗಿಂತ ಹೆಚ್ಚು ಹೂಂಗುಟ್ಟಿದ. ಶಾಲೆಯ ವಿಷಯ ಎರಡು ಮಾತಿನಲ್ಲಿ ಮುಗಿಯಿತು. ನಡುವೆ ಒಮ್ಮೆ, ನಂದು ತಪ್ಪಾತು ಎಂದ. ಒಳಗೆ ಬಂದವನು, ಬೆಳಿಗ್ಗೆ ಶಾಲೆಗೆ ಹೋಗುತ್ತಾನಂತೆ ಎಂದು ಮಾತ್ರ ತಿಳಿಸಿದ. ಅವನೇನಾದರೂ ಅಂದನೇ ಎಂದು ಭಾಗ್ಯ ಕೇಳಿದಳು. ಆ ದಿಂಬುಗಳನ್ನು ಏನು ಮಾಡಿದಿರಿ ಎಂದು ಕೇಳಿದನಂತೆ.

“ಏನ್ ಹೇಳಿದ್ರಿ?”

“ಅಮ್ಮ ಇಟ್ಕೊಂಡಿದಾಳೆ ಅಂದೆ. ಹೌದು, ಅವಳ ಹತ್ರಾನೇ ಇದಾವೆ.”

ಮರುದಿನ ಹನ್ನೆರಡೂವರೆಗೆ ಶಾಲೆಯ ದಾಖಲಾತಿ ಪುಸ್ತಕದ ಫೋಟೋ ಖಾಸಿಂನ ಮೊಬೈಲಿಗೆ ಬಂತು. ಮುಖ್ಯೋಪಾಧ್ಯಾಯರು ಸಹಿ ಮಾಡಿದ ದೃಢೀಕೃತ ಪ್ರತಿಯನ್ನು ಹುಸೇನಸಾಬ ತನ್ನ ಮಗನ ಕೈಯಲ್ಲಿ ಕೊಟ್ಟು ಬಸ್ಸಿಗೆ ಹತ್ತಿಸಿದ್ದ. ಅದು ಕೊನೆಯ ದಿನ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಭಾಗ್ಯಳ ಮೇಜಿನ ಮೇಲಿತ್ತು. ಮಾಸ್ತರರ ಗುಂಡಗಿನ ಅಕ್ಷರ: ಕಾಶೀಂಸಾಬ ರಾಜೇಸಾಬ ನದಾಫ. ಜಾತಿ, ಪಿಂಜಾರ. ತಂದೆಯ ಉದ್ಯೋಗ, ಗಾದಿ ಹೊಲಿಯುವುದು. ಅದೇ ಪುಟದ ಹನ್ನೆರಡು ಹೆಸರುಗಳಲ್ಲಿ ನಾಲ್ಕು ನದಾಫರವು. ಹೆಸರು ಬೇರೆಬೇರೆಯಾಗಿದೆಯಲ್ಲ ಎಂದು ಅನಿಲ್ ಕುಮಾರ್ ತಕರಾರು ತೆಗೆದ. ಕಾಶೀಂಸಾಬನೂ ಶೇಖ್ ಖಾಸಿಂನೂ ಒಬ್ಬನೇ ಎಂದು ತಾಯಿ ಮತ್ತು ಭಾವನ ಹೇಳಿಕೆಗಳಿವೆ, ಖಾಸಿಂ ಅಫಿಡವಿಟ್ಟನ್ನೂ ಕೊಟ್ಟಿದ್ದಾನೆ ಎಂದು ಭಾಗ್ಯ ಮೂರು ಸಾಲು ಷರಾ ಬರೆದು ಶಿಫಾರಸು ಮಾಡಿದಳು. ಮಧ್ಯಾಹ್ನ ಮೂರಕ್ಕೆ ತಹಶೀಲ್ದಾರರ ಸಹಿಯಾಯಿತು. ನಾಲ್ಕರೊಳಗೆ ತಸ್ಲೀಮಾ ಪ್ರಮಾಣಪತ್ರದ ಸಂಖ್ಯೆಯನ್ನು ತುಂಬಿ ಮುಗಿಸಿದಳು.

ಸೆಪ್ಟೆಂಬರಿನಲ್ಲಿ ಹುಡುಗಿ ಆದಾಯ ಪ್ರಮಾಣಪತ್ರದ ಕೆಲಸಕ್ಕಾಗಿ ಮತ್ತೆ ಕಚೇರಿಗೆ ಬಂದಳು. ಪಶುವೈದ್ಯಕೀಯ ಸೀಟು ಸಿಕ್ಕಿತ್ತು, ಬೀದರಿನಲ್ಲಿ. ಬೆಂಗಳೂರಿನಲ್ಲೇ ಸಿಗಲಿಲ್ಲವೆಂದು ಅವಳ ಅಮ್ಮನಿಗೆ ಬೇಸರ. ಅಂಗಡಿಯ ಬೋರ್ಡು, ಆಧಾರ್ ಕಾರ್ಡು, ಎಲ್ಲದರಲ್ಲೂ ಅಪ್ಪ ಶೇಖ್ ಖಾಸಿಂ ಆಗಿಯೇ ಉಳಿದಿದ್ದಾರೆ, ಬದಲಿಸುವ ಮಾತಿಲ್ಲ ಎಂದಳು. ತಾನೂ ಹೆಸರಿನ ಮುಂದೆ ಏನೂ ಸೇರಿಸಿಕೊಂಡಿಲ್ಲ. ಮಾವ ಇನಾಯತ್ ಮಾತ್ರ ಮನೆಯಲ್ಲಿ ತಮಾಷೆಗೆ ಅಪ್ಪನನ್ನು ಎಂಜಿನಿಯರ್ ಸಾಹೇಬರೇ ಎಂದು ಕರೆಯುತ್ತಾರೆ. ಅಪ್ಪ ಮೊದಲೆರಡು ವಾರ ಮಾತಾಡಲಿಲ್ಲ, ಈಗ ನಗುತ್ತಾರೆ.

ಮೊಹರಂಗೆ ಅವಳೂ ಅಪ್ಪನೂ ಊರಿಗೆ ಹೋಗಿದ್ದರಂತೆ, ಅಜ್ಜಿಯನ್ನು ಕರೆದುಕೊಂಡು. ಹುಸೇನಸಾಬರ ಮನೆಯಲ್ಲಿ ಮೂರು ದಿನ. ಅವರು ಜಗಳವಾಡಲಿಲ್ಲ, ಹಾಗೆಂದು ಹೆಚ್ಚು ಮಾತೂ ಆಡಲಿಲ್ಲ. ಅಪ್ಪ ತಮ್ಮ ದೊಡ್ಡಪ್ಪನ ಗೋರಿಯ ಹತ್ತಿರ ಒಬ್ಬರೇ ಹೋಗಿ ಬಂದರು. ಅಜ್ಜಿ ಇನ್ನೂ ಅಲ್ಲೇ ಇದ್ದಾಳೆ, ಚಳಿ ಮುಗಿಸಿ ಬರುತ್ತಾಳಂತೆ. ಆ ಊರಿನಲ್ಲಿ ನಿಮ್ಮವರು ಎಷ್ಟು ಮನೆ ಎಂದು ಭಾಗ್ಯ ಅರ್ಜಿಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದಳು. ನಲವತ್ತರ ಮೇಲಿವೆ ಎಂದಳು ತಸ್ಲೀಮಾ. ಗ್ಯಾರೇಜು, ಕಿರಾಣಿ ಅಂಗಡಿ, ಪಂಚಾಯಿತಿ ಸದಸ್ಯರ ಮನೆ, ಎಲ್ಲಿ ನೋಡಿದರೂ ಅದೇ ಹೆಸರು. ವಾಪಸು ಬರುವ ದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ, ರಸ್ತೆಯ ಆಚೆಯಿಂದ ಯಾರೋ ‘ನದಾಫಾ’ ಎಂದು ಕರೆದರು. ಹೋಟೆಲಿನಲ್ಲಿದ್ದ ಐದಾರು ಜನ ಒಟ್ಟಿಗೇ ತಿರುಗಿ ನೋಡಿದರು. ಅಪ್ಪನೂ ತಿರುಗಿದರು.

“ಯಾರನ್ನ ಕರೆದಿದ್ದಂತೆ?”

“ಗೊತ್ತಿಲ್ಲ ಮೇಡಂ. ಬೇರೆ ಯಾರನ್ನೋ.”